ನಕ್ಷೆಯಿಂದ ಮೂಡಿದ ಊರು: ಸಾಲ್ಟೇರ್

ಊರುಗಳು ಸಾಮಾನ್ಯವಾಗಿ ತಾವಾಗಿಯೇ ಬೆಳೆಯುತ್ತವೆ. ಕೆರೆಯ ಬಳಿ ನಾಲ್ಕು ಮನೆ, ಗುಡಿಯ ಮುಂದೊಂದು ಬೀದಿ, ಸಂತೆಗೊಂದು ಬಯಲು. ಆದರೆ ಒಬ್ಬನ ಸಂಕಲ್ಪದಿಂದ ಮೊದಲು ಕಾಗದದ ಮೇಲೆ ಮೂಡಿ, ಆಮೇಲೆ ನೆಲದ ಮೇಲೆ ಎದ್ದುನಿಂತ ಊರುಗಳೂ ಉಂಟು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಸಾಲ್ಟೇರ್ ಅಂಥದೊಂದು. ಉಣ್ಣೆಗಿರಣಿಯ ಒಡೆಯನಾದ ಟೈಟಸ್ ಸಾಲ್ಟನ ಹೆಸರಿಗೆ ಏರ್ ನದಿಯ ಹೆಸರು ಸೇರಿ ಈ ಹೆಸರಾಯಿತು. ಇಂಗ್ಲಿಷು ಕಲಿಯುತ್ತಿರುವ ನಾವು ಇದರಲ್ಲಿ ಉಪ್ಪನ್ನು ಹುಡುಕಬೇಕಾಗಿಲ್ಲ.

ಹತ್ತಿರದ ಬ್ರ್ಯಾಡ್‌ಫರ್ಡ್ ನಗರವು ಆಗ ಗಿರಣಿಗಳ ಹೊಗೆಯಿಂದ ಕಪ್ಪಿಟ್ಟಿತ್ತು. ಕೊಳಕು ನೀರು, ಇಕ್ಕಟ್ಟಾದ ಕೋಣೆಗಳು. 1849ರಲ್ಲಿ ಕಾಲರಾ ಬೇನೆಯು ಅನೇಕರನ್ನು ಬಲಿತೆಗೆದುಕೊಂಡಿತು. ಅಲ್ಲಿಯ ಮೇಯರ್ ಆಗಿದ್ದ ಸಾಲ್ಟನು ಇದನ್ನು ಕಣ್ಣಾರೆ ಕಂಡನು. ನಗರದ ಹೊರಗೆ, ನದಿ, ಕಾಲುವೆ, ರೈಲುದಾರಿ ಮೂರೂ ಕೂಡುವಲ್ಲಿ ಹೊಸ ಗಿರಣಿಯನ್ನು ಕಟ್ಟಿಸಲು ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳಿಗೆ ಒಪ್ಪಿಸಿದನು. ಅದು 1853ರ ಸೆಪ್ಟೆಂಬರ್ 20ರಂದು, ಅವನ ಐವತ್ತನೆಯ ಹುಟ್ಟುಹಬ್ಬದ ದಿನ, ತೆರೆಯಿತು. ಕಲ್ಲಿನ ಆ ಕಟ್ಟಡದ ಮುಂಭಾಗವು 545 ಅಡಿ ಉದ್ದ. ನೋಡಿದರೆ ಇಟಲಿಯ ಅರಮನೆಯೆನ್ನಬೇಕು. ದಕ್ಷಿಣ ಅಮೆರಿಕದ ಅಲ್ಪಾಕ ಎಂಬ ಪ್ರಾಣಿಯ ತುಪ್ಪಟದಿಂದ ಅಲ್ಲಿ ನುಣುಪಾದ ಬಟ್ಟೆ ನೇಯುತ್ತಿದ್ದರು.

ಅನಂತರ ಎಂಟುನೂರಕ್ಕೂ ಮಿಕ್ಕು ಮನೆಗಳು ನೇರವಾದ ಬೀದಿಗಳಲ್ಲಿ ಎದ್ದವು. ಪ್ರತಿಯೊಂದಕ್ಕೂ ಅಡುಗೆಮನೆ, ಹಿತ್ತಿಲು, ಸ್ವಂತ ಶೌಚಗೃಹ, ಕುಡಿಯುವ ನೀರು, ಗ್ಯಾಸಿನ ಬೆಳಕು. ಮೇಲ್ವಿಚಾರಕರ ಮನೆಗಳು ಮಾತ್ರ ದೊಡ್ಡವು; ಗಿರಣಿಯೊಳಗಿನ ಅಂತಸ್ತನ್ನು ಬೀದಿಯಲ್ಲಿ ನಿಂತೇ ಓದಬಹುದಾಗಿತ್ತು. ಬೀದಿಗಳಿಗೆ ಸಾಲ್ಟನ ಹೆಂಡತಿ ಮಕ್ಕಳ ಹೆಸರು. ವಾಸ್ತುಶಿಲ್ಪಿಗಳಿಗೂ ಒಂದೊಂದು ಬೀದಿ ದೊರೆಯಿತು. ಶಾಲೆ, ಆಸ್ಪತ್ರೆ, ಇಗರ್ಜಿ, ಗ್ರಂಥಾಲಯವುಳ್ಳ ಸಭಾಮಂದಿರ, ಮುದುಕರಿಗೆ 45 ಧರ್ಮಗೃಹಗಳು, ಎಲ್ಲವೂ ಬಂದವು. ಮದ್ಯದಂಗಡಿಯೊಂದೇ ಬರಲಿಲ್ಲ. ಬೀದಿಗೆ ಅಡ್ಡಲಾಗಿ ಬಟ್ಟೆ ಒಣಹಾಕುವುದು ಸಾಲ್ಟನಿಗೆ ಸೇರುತ್ತಿರಲಿಲ್ಲ; ಅದಕ್ಕೆಂದೇ ಸಾರ್ವಜನಿಕ ಒಗೆಯುವ ಮನೆಯನ್ನು ಕಟ್ಟಿಸಿದನು. ನಮ್ಮ ಮುಂಬಯಿಯ ಚಾಳುಗಳನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಒಳ್ಳೆಯ ಗಾಳಿ ಬೆಳಕಿನ ಮನೆ ದೊರೆತುದು ಸಣ್ಣ ಉಪಕಾರವಲ್ಲ. ಆದರೆ ಬಾಡಿಗೆ ಪಡೆಯುವವನೂ ಕೂಲಿ ಕೊಡುವವನೂ ಒಬ್ಬನೇ ಆದಾಗ, ಅವನಿಗೆ ಎದುರಾಡುವ ಧೈರ್ಯವು ಎಷ್ಟು ಮಂದಿಗೆ ಬಂದೀತು? ಧರ್ಮಗೃಹದ ಬಾಗಿಲೂ ಸನ್ನಡತೆಯವರಿಗಷ್ಟೇ ತೆರೆಯುತ್ತಿತ್ತು. ಸನ್ನಡತೆಯೆಂದರೇನೆಂದು ಗೊತ್ತುಮಾಡುವ ಅಧಿಕಾರ ಅಲ್ಲಿ ವಾಸಿಸುವವರದಾಗಿರಲಿಲ್ಲ. ಈ ಎರಡು ಮುಖಗಳನ್ನೂ ಒಟ್ಟಿಗೆ ನೋಡದೆ ಸಾಲ್ಟೇರನ್ನು ತಿಳಿಯಲಾಗದೆಂದು ನಮ್ಮ ಎಣಿಕೆ.

ಸಾಲ್ಟನು 1876ರಲ್ಲಿ ತೀರಿಕೊಂಡನು. ಗಿರಣಿಯು 1986ರಲ್ಲಿ ನಿಂತಿತು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಊರನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಮಗ್ಗಗಳು ಸದ್ದುಮಾಡುತ್ತಿದ್ದ ಕಟ್ಟಡದಲ್ಲಿ ಈಗ ಬ್ರ್ಯಾಡ್‌ಫರ್ಡಿನಲ್ಲಿ ಹುಟ್ಟಿದ ಚಿತ್ರಕಾರ ಡೇವಿಡ್ ಹಾಕ್ನಿಯ ಚಿತ್ರಗಳು ತೂಗುತ್ತಿವೆ. ಕಾರ್ಮಿಕರ ಮನೆಗಳಲ್ಲಿ ಇಂದಿಗೂ ಸಂಸಾರಗಳು ನಡೆದಿವೆ.