ಮ್ಯಾಪ್‌ಗೆ ನಮ್ಮ ಗಾಡಿಯ ಎತ್ತರ ಗೊತ್ತಿಲ್ಲ

ಹಾಸಿಗೆ, ಚಿಕ್ಕ ಅಡುಗೆಮನೆ, ಶೌಚಾಲಯ ಎಲ್ಲ ಒಳಗೇ ಇರುವ ವಾಹನಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಕ್ಯಾರವಾನ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಈ ಪದ ಇಂಗ್ಲಿಷಿಗೆ ಹೋದದ್ದು ಫಾರ್ಸಿಯಿಂದ. ಮನೆಯಲ್ಲಿ ಉರ್ದು ಮಾತಾಡುವವರಿಗೆ ಕಾರವಾನ್ ಹೊಸ ಪದವೇನಲ್ಲ. ಆಗಿನ ಕಾರವಾನಿಗೆ ದಾರಿ ತೋರಿಸಲು ಒಬ್ಬ ರಹಬರ್ ಇರುತ್ತಿದ್ದ, ಈಗಿನದಕ್ಕೆ ಫೋನ್ ಇದೆ.

ದೊಡ್ಡ ಬಸ್ಸಿನ ಚಾಸಿಸ್ ಮೇಲೆ ಕಟ್ಟಿದ ಇಂಥ ಒಂದು ಗಾಡಿಯಲ್ಲಿ ಶಿವಮೊಗ್ಗದಿಂದ ಉಡುಪಿಗೆ ಹೊರಟಿದ್ದೇವೆ ಎಂದುಕೊಳ್ಳೋಣ. ಕಾರಿಗಾದರೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ದಾರಿ ಸಹಜ. ಆದರೆ ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ, ಭಾರಿ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಆ ದಾರಿಯಲ್ಲಿ ಮಿನಿ ಬಸ್ಸುಗಳೇ ಓಡುವುದನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ಕಾರಿಗೆಂದು ಮಾಡಿದ ಆ್ಯಪ್ ಈ ವ್ಯತ್ಯಾಸ ನೋಡುವುದಿಲ್ಲ. ಏಕೆ ನೋಡುವುದಿಲ್ಲ ಎಂದು ತಿಳಿಯಲು ಅದು ಒಳಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಅಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದು ಜಿಪಿಎಸ್. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನು ಹೇಳುವ ಸಂಕೇತ ಕಳುಹಿಸುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಾವು ಎಲ್ಲಿದ್ದೇವೆ ಎಂದು ಫೋನ್ ಲೆಕ್ಕ ಹಾಕುತ್ತದೆ. ಜಿಪಿಎಸ್ ಕೆಲಸ ಇಷ್ಟೇ. ಮುಂದೆ ರಸ್ತೆ ಇದೆಯೋ, ಹೊಳೆ ಇದೆಯೋ ಅದಕ್ಕೆ ಗೊತ್ತಿಲ್ಲ.

ದಾರಿ ಹುಡುಕುವುದು ಎರಡನೆಯ ಕೆಲಸ. ಇದು ನಮ್ಮ ಕಾಮರ್ಸ್ ಪಾಠಕ್ಕೆ ಹತ್ತಿರವಾದದ್ದು. ಪ್ರತಿ ರಸ್ತೆಯ ತುಂಡಿಗೂ ಒಂದು ವೆಚ್ಚ ಬರೆದಿಟ್ಟು, ಒಟ್ಟು ವೆಚ್ಚ ಅತಿ ಕಡಿಮೆ ಇರುವ ದಾರಿಯನ್ನು ಆರಿಸುತ್ತಾರೆ. ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಇದಕ್ಕೆ ಒಂದು ವಿಧಾನ ಕಂಡುಹಿಡಿದದ್ದು 1956ರಲ್ಲಿ, ಆ್ಯಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ ಸುಮಾರು ಇಪ್ಪತ್ತು ನಿಮಿಷದಲ್ಲಿ. ಕೈಯಲ್ಲಿ ಕಾಗದ, ಪೆನ್ನು ಕೂಡ ಇರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಇವತ್ತಿನ ಆ್ಯಪ್‌ಗಳ ಲೆಕ್ಕಕ್ಕೂ ಬುನಾದಿ ಅದೇ.

ಆದರೆ ವೆಚ್ಚ ಎಂದರೆ ಏನು? ಸಾಮಾನ್ಯ ಆ್ಯಪ್‌ನಲ್ಲಿ ಅದು ಮುಖ್ಯವಾಗಿ ಸಮಯ, ಅದೂ ಕಾರಿನ ಸಮಯ. ಗಾಡಿಯ ಉದ್ದ, ಅಗಲ, ಎತ್ತರ, ತೂಕ ಎಂಬ ಕಾಲಂಗಳೇ ಆ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಕಾಲಂ ಇಲ್ಲದಿದ್ದರೆ ಲೆಕ್ಕ ಎಷ್ಟು ಸರಿ ಮಾಡಿದರೂ ಉತ್ತರ ನಮ್ಮದಾಗುವುದಿಲ್ಲ. ಅಮೆರಿಕದ ಬೋಸ್ಟನ್ನಿನಲ್ಲಿ ಸ್ಟಾರೋ ಡ್ರೈವ್ ಎಂಬ ರಸ್ತೆ ಇದೆ. ಸೇತುವೆಗಳು ತಗ್ಗಾಗಿರುವುದರಿಂದ ಅಲ್ಲಿ ಲಾರಿಗಳಿಗೆ ಅವಕಾಶವಿಲ್ಲ. ಸೆಪ್ಟೆಂಬರ್ ಆರಂಭದಲ್ಲಿ ಕಾಲೇಜು ವಿದ್ಯಾರ್ಥಿಗಳು ಬಾಡಿಗೆ ಟ್ರಕ್ ತಗೊಂಡು ಮನೆ ಬದಲಿಸುತ್ತಾರೆ, ಆಗ ಟ್ರಕ್ಕಿನ ಮಾಡು ಸೇತುವೆಗೆ ತಾಗಿ ಡಬ್ಬಿಯ ಮುಚ್ಚಳದಂತೆ ಕಿತ್ತುಹೋಗುವುದು ಅಲ್ಲಿ ಮಾಮೂಲಿ ಸುದ್ದಿ. ಮನೆ ಸಾಮಾನು ತುಂಬಿದ್ದೇವೆ, ಗಾಡಿ ಎತ್ತರವಾಗಿದೆ ಎಂದು ಫೋನಿಗೆ ಯಾರೂ ಹೇಳಿರುವುದಿಲ್ಲ.

ನಕ್ಷೆ ಹಳೆಯದಾಗಿದ್ದರೆ ಇನ್ನೂ ಅಪಾಯ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಅರ್ಧ ಮುರಿದಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಮೊದಲೇ ಕೊಚ್ಚಿಹೋಗಿತ್ತು. ನಕ್ಷೆಯಲ್ಲಿ ಮಾತ್ರ ರಸ್ತೆ ಪೂರ್ತಿ ಇತ್ತು. ರಸ್ತೆಗೆ ಗಟ್ಟಿಯಾದ ತಡೆ ಇಲ್ಲದಿದ್ದದ್ದೂ ತಪ್ಪೇ, ಎಲ್ಲವನ್ನೂ ಫೋನಿನ ಮೇಲೆ ಹಾಕುವುದು ನ್ಯಾಯವಲ್ಲ.

ಹಾಗಾದರೆ ಮೋಟರ್‌ಹೋಮ್ ದಾರಿಯನ್ನು ಹೇಗೆ ಯೋಜಿಸುವುದು? ಮೊದಲು ಟೇಪ್ ಹಿಡಿದು ಗಾಡಿ ಅಳೆಯಬೇಕು. ಮಾಡಿನ ಮೇಲಿನ ಎಸಿ, ಸೋಲಾರ್ ಹಲಗೆ, ಏಣಿ ಎಲ್ಲ ಸೇರಿಸಿ ಅಳೆಯಬೇಕು. ಆ ಅಳತೆಯನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿದರೆ ರೈಲ್ವೆ ಕೆಳಸೇತುವೆಯ ಬೋರ್ಡ್ ಕಂಡಾಗ ಹೋಲಿಸಿ ನೋಡಬಹುದು. ಅಳತೆ ಕೇಳಿ ದಾರಿ ಹೇಳುವ ಲಾರಿ ಆ್ಯಪ್‌ಗಳೂ ಇವೆ. ಆದರೆ ಅವು ಕೂಡ ನಕ್ಷೆಯಲ್ಲಿ ಯಾರಾದರೂ ಸೇತುವೆಯ ಎತ್ತರ ಬರೆದಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ಮಾಹಿತಿಯನ್ನು ಯಾರು ಬೇಕಾದರೂ ಸೇರಿಸಬಹುದು, ನಮ್ಮ ಊರಿನ ಕೆಳಸೇತುವೆಯದ್ದನ್ನು ನಾವೇ ಸೇರಿಸಬಹುದು.

ಘಾಟಿಯಲ್ಲಿ ಸಿಗ್ನಲ್ ಹೋದರೂ ಜಿಪಿಎಸ್ ಹೋಗುವುದಿಲ್ಲ. ಹೋಗುವುದು ಇಂಟರ್‌ನೆಟ್. ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು.

ಇನ್ನು ಹಣದ ಲೆಕ್ಕ. ಸುತ್ತುದಾರಿ 40 ಕಿಲೋಮೀಟರ್ ಹೆಚ್ಚು, ಗಾಡಿ ಲೀಟರಿಗೆ 8 ಕಿಲೋಮೀಟರ್ ಕೊಡುತ್ತದೆ, ಡೀಸೆಲ್ 90 ರೂಪಾಯಿ ಎಂದು ಹಿಡಿಯೋಣ. 5 ಲೀಟರ್, ಅಂದರೆ 450 ರೂಪಾಯಿ. ಬಸ್ಸಿನಷ್ಟು ಉದ್ದದ ಗಾಡಿಯನ್ನು ತಿರುವಿನಲ್ಲಿ ಸಿಕ್ಕಿಸಿಕೊಂಡು, ಹಿಂದೆ ನಿಂತ ಸಾಲನ್ನೆಲ್ಲ ಸರಿಸಿ ರಿವರ್ಸ್ ತೆಗೆಯುವುದರ ಮುಂದೆ ಇದು ದೊಡ್ಡ ಮೊತ್ತ ಅಂತ ನನಗನಿಸುವುದಿಲ್ಲ. ಟೋಲನ್ನೂ ವಾಹನದ ವರ್ಗ ನೋಡಿ ಹಾಕುತ್ತಾರೆ. ಕಾರಿನ ದರ ನೋಡಿ ಬಜೆಟ್ ಮಾಡಿದರೆ ಕಡಿಮೆ ಬೀಳುತ್ತದೆ.

ಶಿವಮೊಗ್ಗದಿಂದ ಕರಾವಳಿಗೆ ಹುಲಿಕಲ್ ಘಾಟಿಯೂ ಇದೆ, ಆದರೆ ಮಳೆಗಾಲದಲ್ಲಿ ಭೂಕುಸಿತವಾದರೆ ಅಲ್ಲೂ ನಿರ್ಬಂಧ ಬರುತ್ತದೆ. ಇಂಥ ಆದೇಶಗಳನ್ನು ಜಿಲ್ಲಾಧಿಕಾರಿ ಹೊರಡಿಸುತ್ತಾರೆ, ಅವು ಮೊದಲು ಪತ್ರಿಕೆಯಲ್ಲಿ ಬರುತ್ತವೆ, ಆ್ಯಪ್‌ಗೆ ತಡವಾಗಿ ಮುಟ್ಟಬಹುದು. ನಮ್ಮ ಮಾಮು ಲಾರಿ ಓಡಿಸುತ್ತಾರೆ. ಫೋನಿನಲ್ಲಿ ಮ್ಯಾಪ್ ಇದ್ದರೂ ಘಾಟಿ ಇಳಿಯುವ ಮುಂಚೆ ಚಾ ಅಂಗಡಿಯಲ್ಲಿ ನಿಲ್ಲಿಸಿ, ಎದುರಿನಿಂದ ಬಂದ ಡ್ರೈವರ್‌ಗಳನ್ನು ಕೇಳಿಯೇ ಮುಂದೆ ಹೋಗುತ್ತಾರೆ.

ಗಂಟೆಯನ್ನೂ ನೋಡಬೇಕಾದ ದಾರಿಗಳಿವೆ. ಬಂಡೀಪುರ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ವಯನಾಡಿಗೋ ಊಟಿಗೋ ಹೊರಟ ಮೋಟರ್‌ಹೋಮ್ ಕಾರಿಗಿಂತ ನಿಧಾನವಾಗಿ ಹೋಗುತ್ತದೆ, ಮ್ಯಾಪ್ ತೋರಿಸಿದ ಸಮಯಕ್ಕೆ ಒಂದೆರಡು ಗಂಟೆ ಸೇರಿಸಿಕೊಳ್ಳಬೇಕು. ಗೇಟ್ ಹಾಕಿದ ಮೇಲೆ ಬಂದರೆ ಗುಂಡ್ಲುಪೇಟೆಗೆ ಹಿಂದಿರುಗಿ ಅಲ್ಲೇ ರಾತ್ರಿ ಕಳೆಯಬೇಕಾಗುತ್ತದೆ. ಮಲಗಲು ಹಾಸಿಗೆ ಹೇಗೂ ಗಾಡಿಯಲ್ಲೇ ಇರುತ್ತದೆ.