ಸಂಬಳ ಮಗಳದು, ಸಮಯ ಅವ್ವನದು

ಇವತ್ತು ವಿಧಾನಸೌಧದ ಸುದ್ದಿ ಸ್ವಲ್ಪ ಪಕ್ಕಕ್ಕಿಡೋಣ. ಒಂದು ಮನೆಯ ಲೆಕ್ಕ ಹೇಳ್ತೀನಿ. ಅದು ನಿಮ್ಮ ಮನೆಯ ಲೆಕ್ಕವೂ ಆಗಿರಬಹುದು.

ಮೊನ್ನೆ ಒಂದು ವರದಿಗಾಗಿ ಯಾದಗಿರಿ ಜಿಲ್ಲೆಗೆ ಹೋಗಿದ್ದೆ. ನಾನು ಸುರಪುರದವನು, ಆ ರಸ್ತೆಗಳು ನನಗೆ ಹೊಸದಲ್ಲ. ಶಹಾಪುರದಲ್ಲಿ ಪರಿಚಯದವರೊಬ್ಬರು ಚಹಾಕ್ಕೆ ಕರೆದರು. ಒಳಗಿನ ಖೋಲಿಯಲ್ಲಿ ಆ ಮನೆಯ ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಇಂಗ್ಲಿಷಿನಲ್ಲಿ ಮಾತಾಡ್ತಿದ್ದಳು. ಪಡಸಾಲೆಯಲ್ಲಿ ಅವಳವ್ವ ಒಂಬತ್ತು ತಿಂಗಳ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು.

ಮಗಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆ ಬೀದಿಯಲ್ಲಿ ಯಾರೂ ಕಾಣದಷ್ಟು ಸಂಬಳ. ಹೆರಿಗೆ ರಜೆ ಮುಗಿದ ಮೇಲೆ ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿತ್ತು. ಈಗ ಮೇಲ್ ಬಂದಿದೆ: ಮುಂದಿನ ತಿಂಗಳಿಂದ ಆಫೀಸಿಗೆ ಬನ್ನಿ. ಗಂಡನೂ ಅದೇ ಊರಲ್ಲಿ, ಅಂಥದ್ದೇ ಕೆಲಸದಲ್ಲಿದ್ದಾನೆ. ಹಾಗಾದ್ರೆ ಕೂಸು?

‘ಅವ್ವಾ, ನೀವು ಬೆಂಗಳೂರಿಗೆ ಹೋಗ್ತೀರೇನು?’ ಅಂತ ಕೇಳಿದೆ.

‘ಹೋಗದ ಏನ್ ಮಾಡ್ಲಿ ತಮ್ಮಾ? ನಾ ಕೂಸಿನ ಕೂಡ ಇರ್ತೀನಿ. ನನ್ನ ಹೊಲದ ಕೂಡ ಯಾರ್ ಇರ್ತಾರ?’

ನಾಲ್ಕು ಎಕರೆ ಹೊಲ. ಹತ್ತಿ, ತೊಗರಿ. ಹದಿನೈದು ವರ್ಷದಿಂದ ಆ ತಾಯಿಯೇ ನಿಂತು ಮಾಡಿಸುತ್ತಾರೆ. ಮಗಳ ಇಂಜಿನಿಯರಿಂಗ್ ಫೀಸು ಬಂದದ್ದೂ ಅದೇ ಹೊಲದಿಂದ.

2011ರ ಜನಗಣತಿ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಓದು ಬರಹ ಬಲ್ಲ ಹೆಣ್ಣುಮಕ್ಕಳು ಶೇಕಡಾ 41ರಷ್ಟು. ರಾಜ್ಯದಲ್ಲೇ ತೀರಾ ಕೆಳಗಿನ ಸ್ಥಾನ. ಅಂಥ ಜಿಲ್ಲೆಯಿಂದ ಒಬ್ಬ ಹುಡುಗಿ ಆ ಕುರ್ಚಿಯ ತನಕ ಹೋಗಿದ್ದಾಳೆ. ಈಗ ಮಗು ಆಯ್ತು ಅನ್ನುವ ಕಾರಣಕ್ಕೆ ಆ ಕುರ್ಚಿ ಬಿಡಬೇಕಾ? ಪ್ರಶ್ನೆ ಇದು.

ಕಾನೂನು ಇಲ್ವಾ ಅಂತೀರಾ? ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿ, ಕಚೇರಿಗೂ ಇದು ಅನ್ವಯ. ಹೆರಿಗೆ ರಜೆಯಲ್ಲಿದ್ದಾಳೆ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಐವತ್ತು ಅಥವಾ ಹೆಚ್ಚು ನೌಕರರಿದ್ದರೆ ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವ ಅವಕಾಶವೂ ಕಾನೂನಿನಲ್ಲಿದೆ. ಆದರೆ ಗಮನಿಸಿ, ಕೆಲಸ ಆ ಥರದ್ದಾಗಿರಬೇಕು, ಮಾಲೀಕ ಒಪ್ಪಬೇಕು. ಅಂದ್ರೆ ಅದು ಹಕ್ಕಲ್ಲ, ಒಪ್ಪಂದ. ಶಹಾಪುರದ ಆ ಹುಡುಗಿಗೆ ಬಂದ ಮೇಲ್‌ನಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ.

ಈಗ ವಯಸ್ಸಿನ ಲೆಕ್ಕ ನೋಡಿ. 26 ವಾರ ಅಂದ್ರೆ ಆರು ತಿಂಗಳು. ಅಂಗನವಾಡಿಗೆ ಮಗು ಹೋಗಿ ಕೂರೋದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷ? ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಒಳ್ಳೇದು. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಯಾದಗಿರಿಯ ಬಾಡಿಗೆ ಮನೆಯಲ್ಲಿ ಆ ಎರಡೂವರೆ ವರ್ಷದ ಕಂದಕ ಹಾಗೇ ಇದೆ. ಅದನ್ನು ತುಂಬುತ್ತಿರೋದು ಯಾರು? ಅಜ್ಜಿ. ಅವಳಿಗೆ ಸಂಬಳ ಇಲ್ಲ, ರಜೆಯೂ ಇಲ್ಲ.

ಸರಿ, ಹೆಚ್ಚು ಸಂಬಳದ ಕೆಲಸ ಯಾಕೆ ಸಮಯ ಕೊಡಲ್ಲ? ಇದಕ್ಕೆ ಉತ್ತರ ಹುಡುಕಿದ್ದಕ್ಕೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಲಾಡಿಯಾ ಗೋಲ್ಡಿನ್ ಅವರ ಹೆಸರು ಇವತ್ತು ಎಲ್ಲರಿಗೂ ಗೊತ್ತು. 2023ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳೋದು ಇಷ್ಟು: ಅಲ್ಲಿ ಒಂದೇ ಓದು, ಒಂದೇ ಕೆಲಸ ಇರುವ ಗಂಡು ಹೆಣ್ಣು ಶುರುವಿನಲ್ಲಿ ಹೆಚ್ಚುಕಡಿಮೆ ಸಮ ಸಂಬಳ ಪಡೀತಾರೆ. ಅಂತರ ದೊಡ್ಡದಾಗೋದು ಮೊದಲ ಮಗು ಹುಟ್ಟಿದ ಮೇಲೆ. ಯಾಕೆ ಗೊತ್ತಾ? ಕೆಲವು ಕೆಲಸಗಳಲ್ಲಿ ಸಂಬಳ ಕೊಡೋದು ಬರೀ ದುಡಿಮೆಗಲ್ಲ, ಕರೆದಾಗ ಸಿಗೋದಕ್ಕೆ. ರಾತ್ರಿ ಹತ್ತಕ್ಕೆ ಫೋನ್ ಬಂದರೆ ಎತ್ತಬೇಕು. ಭಾನುವಾರ ಬಾ ಅಂದ್ರೆ ಬರಬೇಕು. ಹಾಗೆ ಸಿಗುವವರಿಗೆ ದುಪ್ಪಟ್ಟು ದುಡಿಮೆಗೆ ದುಪ್ಪಟ್ಟಿಗಿಂತ ಹೆಚ್ಚು ಸಂಬಳ. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ ಇದು ಹೊಟ್ಟೆಬಾಕ ಕೆಲಸ. ಎಷ್ಟು ಹೊತ್ತು ಉಣಿಸಿದರೂ ಸಾಲದು.

ಆಗ ಮನೆಯಲ್ಲಿ ಏನಾಗುತ್ತೆ? ಒಬ್ಬರು ಹೊಟ್ಟೆಬಾಕ ಕೆಲಸ ಹಿಡೀತಾರೆ. ಇನ್ನೊಬ್ಬರು ಸಂಬಳ ಕಮ್ಮಿಯಾದರೂ ಪರವಾಗಿಲ್ಲ, ಮಗುವಿಗೆ ಜ್ವರ ಬಂದ್ರೆ ಓಡಿ ಬರುವಂಥ ಕೆಲಸ ಹಿಡೀತಾರೆ. ಆ ‘ಇನ್ನೊಬ್ಬರು’ ಯಾರು ಅಂತ ನಾನು ಹೇಳಬೇಕಾಗಿಲ್ಲ.

ನನ್ನ ಮನೆಯನ್ನೇ ನೋಡಿ. ನನ್ನ ಹೆಂಡತಿ ಬ್ಯಾಂಕ್ ಅಧಿಕಾರಿ. ಪ್ರಮೋಷನ್ ಅಂದ್ರೆ ಬೇರೆ ಊರಿಗೆ ವರ್ಗ. ಮಗಳು ಚಿಕ್ಕವಳಿದ್ದಾಗ ಪ್ರಮೋಷನ್ ಬೇಡ ಅಂತ ಅವಳು ಎರಡು ಸಲ ಬರೆದುಕೊಟ್ಟಳು. ಅದೇ ವರ್ಷಗಳಲ್ಲಿ ನಾನು ಈ ರಾತ್ರಿ ಒಂಬತ್ತರ ಕುರ್ಚಿಗೆ ಬಂದೆ. ಒಂದು ಸಲ ಚುನಾವಣೆ ಫಲಿತಾಂಶದ ಹಿಂದಿನ ರಾತ್ರಿ ಮಗಳಿಗೆ 103 ಡಿಗ್ರಿ ಜ್ವರ. ಆಸ್ಪತ್ರೆಗೆ ಹೋದದ್ದು ಅವಳು ಮತ್ತು ಸುರಪುರದಿಂದ ಬಂದಿದ್ದ ನನ್ನವ್ವ. ನಾನು ಸ್ಟುಡಿಯೋದಲ್ಲಿದ್ದೆ. ‘ಈತ ಯಾವಾಗ ಕರೆದರೂ ಬರ್ತಾನೆ’ ಅನ್ನೋ ಹೆಸರು ನನಗೆ ಬಂತು. ಆ ಹೆಸರಿನ ಬೆಲೆ ಕಟ್ಟಿದ್ದು ನಾನಲ್ಲ ವೀಕ್ಷಕರೇ. ಎರಡು ಕಾಗದ ಬರೆದುಕೊಟ್ಟವಳು.

ಇದಕ್ಕೆ ಪರಿಹಾರ ಇಲ್ವಾ? ಇದೆ. ಗೋಲ್ಡಿನ್ ಕೊಡುವ ಉದಾಹರಣೆ ಔಷಧ ಅಂಗಡಿಯದು. ಹಿಂದೆ ಅಮೆರಿಕದಲ್ಲಿ ಸ್ವಂತ ಮೆಡಿಕಲ್ ಶಾಪ್‌ಗಳೇ ಬಹಳ. ಮಾಲೀಕ ಬೆಳಗಿಂದ ರಾತ್ರಿ ತನಕ ನಿಲ್ಲಬೇಕಿತ್ತು. ಆಮೇಲೆ ದೊಡ್ಡ ಮಳಿಗೆಗಳು ಬಂದವು, ಔಷಧ ಚೀಟಿ ಕಂಪ್ಯೂಟರಿಗೆ ಹೋಯ್ತು. ಯಾವ ಫಾರ್ಮಸಿಸ್ಟ್ ಬಂದರೂ ಅದೇ ಕೆಲಸ ಮುಂದುವರಿಸಬಹುದು. ಹಾಗಾಗಿ ಕಡಿಮೆ ಹೊತ್ತು ದುಡಿದವರಿಗೆ ಗಂಟೆಯ ಲೆಕ್ಕದಲ್ಲಿ ಏಟು ಬೀಳಲಿಲ್ಲ. ಇವತ್ತು ಅಲ್ಲಿ ಆ ವೃತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿದ್ದಾರೆ, ಸಂಬಳವೂ ಒಳ್ಳೇದೇ.

ಅಷ್ಟು ದೂರ ಯಾಕೆ? ನಮ್ಮ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನನ್ನು ನೋಡಿ. ಪಾಳಿ ಮುಗಿದಾಗ ರೋಗಿಗಳ ವಿವರ ರಿಜಿಸ್ಟರ್‌ನಲ್ಲಿ ಬರೆದು, ಮುಂದಿನವರಿಗೆ ಒಪ್ಪಿಸಿ ಮನೆಗೆ ಹೋಗ್ತಾಳೆ. ಅದೇ ತಾಲ್ಲೂಕು ಊರಲ್ಲಿ ಒಬ್ಬರೇ ಹೆರಿಗೆ ಡಾಕ್ಟರಮ್ಮ ಇದ್ದರೆ ಅವರಿಗೆ ರಾತ್ರಿಯೂ ಇಲ್ಲ, ಹಬ್ಬವೂ ಇಲ್ಲ. ಮೂವರು ಸೇರಿ ಒಂದೇ ಆಸ್ಪತ್ರೆ ನಡೆಸಿ, ಪಾಳಿ ಹಂಚಿಕೊಂಡರೆ ಮೂವರ ಮನೆಯೂ ಉಳಿಯುತ್ತೆ.

ಹಾಗಾಗಿ ಬರೀ ಫ್ಲೆಕ್ಸಿಬಲ್ ಟೈಮ್ ಸಾಲದು. ಯಾಕಂದ್ರೆ ಶಹಾಪುರದ ಆ ಹುಡುಗಿಗೆ ಫ್ಲೆಕ್ಸಿಬಲ್ ಟೈಮ್ ಇತ್ತು. ಬೆಳಗ್ಗೆ ಬೇಕಾದಾಗ ಕೂರಬಹುದು ಅಂದಿದ್ದರು, ಆದರೆ ರಾತ್ರಿ ಎಂಟಕ್ಕೆ ಅಮೆರಿಕದವರ ಮೀಟಿಂಗ್ ತಪ್ಪಲಿಲ್ಲ. ಇನ್ನು ಅವರ ಹೊಲದಲ್ಲಿ ಹತ್ತಿ ಬಿಡಿಸಲು ಬರುವ ಹೆಣ್ಣುಮಗಳು ಬೇವಿನ ಗಿಡಕ್ಕೆ ಸೀರೆ ಜೋಲಿ ಕಟ್ಟಿ ಕೂಸು ಮಲಗಿಸುತ್ತಾಳೆ. ಅವಳಿಗೂ ಸಮಯದ ಸ್ವಾತಂತ್ರ್ಯ ಇದೆ ಅನ್ನಬಹುದು. ಬಿಡಿಸಿದಷ್ಟು ಕಿಲೋಗೆ ದುಡ್ಡು, ಕೂಸಿಗೆ ಹಾಲು ಕುಡಿಸಿದ ಹೊತ್ತಿಗೆ ದುಡ್ಡಿಲ್ಲ. ಬೇಕಾಗಿರೋದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸಬಹುದಾದ ಕೆಲಸ. ಕಂಪನಿಗಳು ಒಂದು ಪ್ರಾಜೆಕ್ಟ್ ಇಬ್ಬರಿಗೆ ಗೊತ್ತಿರುವ ಹಾಗೆ ಮಾಡಿದರೆ ಒಬ್ಬರು ಮನೆಗೆ ಹೋಗಬಹುದು. ಯಾದಗಿರಿ, ಶಹಾಪುರ, ಸುರಪುರದಂಥ ಊರಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಂದೊಂದು ಕೂಸಿನ ಮನೆ ಆದರೆ ಟೀಚರಿಗೂ, ನರ್ಸಿಗೂ, ಅಂಗಡಿ ಹುಡುಗಿಗೂ ಆ ಕಂದಕ ದಾಟಲು ಸೇತುವೆ ಸಿಗುತ್ತೆ.

ಮೂರನೆಯದು ಅಪ್ಪ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯ ತಂದೆಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಕಂದಕ ಎರಡೂವರೆ ವರ್ಷದ್ದು, ಅಪ್ಪನ ಪಾಲು ಹದಿನೈದು ದಿನ ಅಥವಾ ಸೊನ್ನೆ. ಕಾನೂನು ಬದಲಾಗೋ ತನಕ ಕಾಯಬೇಕಾಗಿಲ್ಲ. ಮಗುವಿಗೆ ಹುಷಾರಿಲ್ಲ ಅಂತ ಆಫೀಸಿಗೆ ಫೋನ್ ಮಾಡೋದು ಒಂದು ಸಲ ಅವಳು, ಒಂದು ಸಲ ನಾವು. ಅಷ್ಟಾದರೂ ಇವತ್ತೇ ಶುರು ಮಾಡಬಹುದು.

ನಿನ್ನೆ ಶಹಾಪುರದಿಂದ ಫೋನ್ ಬಂದಿತ್ತು. ಹೊಲ ಪಾಲಿಗೆ ಕೊಟ್ಟರಂತೆ. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ, ಅವ್ವ ಕೂಸಿನ ಜೊತೆ ಬೆಂಗಳೂರಿಗೆ ಬರ್ತಿದ್ದಾರೆ. ‘ಎಷ್ಟು ದಿನಕ್ಕವ್ವಾ?’ ಅಂದೆ. ‘ಕೂಸು ಸಾಲಿಗೆ ಹೋಗೂ ತನ ತಮ್ಮಾ. ಆಮ್ಯಾಲ ಹೊಲ ನನ್ನ ಕೈಗೆ ಬಂದ್ರ ಬಂತು’ ಅಂದರು.

ಮಗಳ ಕುರ್ಚಿ ಉಳೀತು, ನನಗೆ ಸಂತೋಷ. ಆದರೆ ಅದನ್ನು ಉಳಿಸಲು ಇನ್ನೊಬ್ಬ ಹೆಂಗಸು ತನ್ನ ಕೆಲಸ ಬಿಟ್ಟಳು. ಆ ಮಗುವಿನ ಅಪ್ಪ ಏನು ಬಿಟ್ಟ? ನಾನು ಏನು ಬಿಟ್ಟಿದ್ದೆ? ನೀವು?

ಇವತ್ತು ಟಿವಿ ಆರಿಸಿದ ಮೇಲೆ ಮನೆಯಲ್ಲಿ ಇದನ್ನೊಮ್ಮೆ ಮಾತಾಡಿ.