ಹಿಂಬದಿ ಆಕ್ಸೆಲ್: ಲೆಕ್ಕಪುಸ್ತಕದಲ್ಲಿ ಕಾಣದ ಖರ್ಚು

ಶ್ರೀನಿವಾಸಪುರದ ಮಾವು, ಕೋಲಾರ ಎ.ಪಿ.ಎಂ.ಸಿ. ಪ್ರಾಂಗಣದ ಟೊಮೆಟೊ, ಮಾಲೂರಿನ ಹಂಚು ಮತ್ತು ಇಟ್ಟಿಗೆ, ಇವೆಲ್ಲವೂ ಬಹುಮಟ್ಟಿಗೆ ಹೊರಗಿನ ಮಾರುಕಟ್ಟೆಯನ್ನೇ ನಂಬಿರುವ ಸರಕುಗಳು. ಅವುಗಳನ್ನು ಸಾಗಿಸುವ ಲಾರಿಯಲ್ಲಿ ಮಾಲೀಕರ ಗಮನ ಮೊದಲು ಎಂಜಿನ್ನಿನ ಕಡೆಗೆ, ಅನಂತರ ಟೈರಿನ ಕಡೆಗೆ ಹೋಗುತ್ತದೆ. ಸರಕಿನ ಭಾರದ ಬಹುಪಾಲನ್ನು ಹೊತ್ತು, ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಹಿಂಬದಿ ಆಕ್ಸೆಲ್ ಮಾತ್ರ ಶಬ್ದ ಮಾಡುವವರೆಗೆ ಯಾರ ನೆನಪಿಗೂ ಬರುವುದಿಲ್ಲ. ಶಬ್ದ ಕೇಳಿಸಿದ ಮೇಲೆ ದುರಸ್ತಿಯ ಮಾತು ಬಹುತೇಕ ಮುಗಿದಂತೆಯೇ. ಉಳಿಯುವುದು ಬಿಡಿಭಾಗಗಳ ಬದಲಾವಣೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಆಕ್ಸೆಲ್ ಭಾರದ ಮಿತಿಯನ್ನು ಹೆಚ್ಚಿಸಿತು. ನಾಲ್ಕು ಟೈರುಗಳ ಒಂಟಿ ಆಕ್ಸೆಲಿಗೆ 10.2 ಟನ್ ಇದ್ದುದು 11.5 ಟನ್ ಆಯಿತು. ಎರಡು ಆಕ್ಸೆಲಿನ ಲಾರಿಯ ಒಟ್ಟು ತೂಕ 16.2 ಟನ್‌ನಿಂದ 18.5 ಟನ್‌ಗೆ ಏರಿತು. ವರ್ತಕರಿಗೆ ಇದರಿಂದ ಅನುಕೂಲವಾದುದು ನಿಜ. ಆದರೆ ರಾಜ್ಯಪತ್ರವನ್ನು ಓದಿ ಹಳೆಯ ಲಾರಿಯ ಕಬ್ಬಿಣ ದಪ್ಪವಾಗುವುದಿಲ್ಲ. ರೋಲರ್ ಬೇರಿಂಗಿನ ಆಯುಷ್ಯವು ಭಾರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಇಳಿಯದೆ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ತಾಂತ್ರಿಕ ಲೆಕ್ಕದ ಪ್ರಕಾರ ಭಾರ ಶೇ. 10ರಷ್ಟು ಹೆಚ್ಚಾದರೆ ಆಯುಷ್ಯ ಶೇ. 27ರಷ್ಟು ಕಡಿಮೆ, ಶೇ. 20ರಷ್ಟು ಹೆಚ್ಚಾದರೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯು ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡವನ್ನೂ, ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿಯನ್ನೂ ವಿಧಿಸಿದೆ. ಈ ದಂಡ ಸಿಕ್ಕಿಬಿದ್ದವರಿಗೆ ಮಾತ್ರ. ಬೇರಿಂಗ್ ವಿಧಿಸುವ ದಂಡ ಎಲ್ಲರಿಗೂ.

ಆಕ್ಸೆಲಿನ ಒಳಗೆ ಪಿನಿಯನ್ ಮತ್ತು ಕ್ರೌನ್ ಚಕ್ರದ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಜಾರುತ್ತಲೂ ಇರುತ್ತವೆ. ಆ ಜಾರಿಕೆಯಲ್ಲಿ ಸಾಧಾರಣ ಎಣ್ಣೆಯ ಪದರ ಹರಿದುಹೋಗುತ್ತದೆ. ಆದ್ದರಿಂದಲೇ ತಯಾರಕರು ಜಿ.ಎಲ್.-5 ದರ್ಜೆಯಂತಹ, ವಿಶೇಷ ರಾಸಾಯನಿಕ ಬೆರೆಸಿದ ಗೇರ್ ಎಣ್ಣೆಯನ್ನು ಸೂಚಿಸುವುದು. ಡಬ್ಬಿಗೆ ನೂರಿನ್ನೂರು ರೂಪಾಯಿ ಉಳಿಸಲು ಕೈಪಿಡಿಯಲ್ಲಿ ಇಲ್ಲದ ಎಣ್ಣೆಯನ್ನು ಸುರಿಯುವುದು ವ್ಯಾಪಾರದ ಜಾಣತನವಲ್ಲ. ಹಾಗೆಯೇ ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಹಳೆಯ ಕ್ರೌನಿಗೆ ಹೊಸ ಪಿನಿಯನ್ ಕೂಡಿಸಿದರೆ ಎರಡೂ ಹಾಳಾಗುತ್ತವೆ.

ಹೆಚ್ಚಿನ ಮಾಲೀಕರು ಹೆಸರನ್ನೂ ಕೇಳಿರದ ಸಣ್ಣ ಭಾಗವೊಂದಿದೆ, ಬ್ರೀದರ್. ಲಾರಿ ಓಡಿದಂತೆ ಆಕ್ಸೆಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗುವ ದಾರಿ ಇದು. ಮಾಲೂರಿನ ಇಟ್ಟಿಗೆ ಗೂಡುಗಳ ಸುತ್ತಲಿನ ಕೆಂಧೂಳಿನಲ್ಲಿ ಓಡುವ ಲಾರಿಗಳಲ್ಲಿ ಈ ರಂಧ್ರ ಬೇಗ ಮುಚ್ಚಿಹೋಗುತ್ತದೆ. ಆಗ ಒತ್ತಡವು ಎಣ್ಣೆಯನ್ನು ಸೀಲಿನ ಮೂಲಕ ಹೊರದೂಡಿ ಬ್ರೇಕಿನ ಲೈನರಿನವರೆಗೆ ತಲುಪಿಸುತ್ತದೆ. ಮಾಲೀಕರು ಸೀಲ್ ಬದಲಿಸುತ್ತಾರೆ, ಅದು ಮತ್ತೆ ಸೋರುತ್ತದೆ, ಮೆಕ್ಯಾನಿಕ್ ಬೈಗುಳ ತಿನ್ನುತ್ತಾನೆ. ದೋಷವಿರುವುದು ಮುಚ್ಚಿಹೋದ ಬ್ರೀದರಿನಲ್ಲಿ.

ಮುಳಬಾಗಿಲು, ನಂಗಲಿ ದಾಟಿ ಚಿತ್ತೂರಿನ ಕಡೆಗೆ ಹೋಗುವ ಲಾರಿಗಳಿಗೆ ಪಲಮನೇರಿನ ಆಚೆ ಮೊಗಿಲಿ ಘಾಟಿ ಎದುರಾಗುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ಮಿನ ಕಾವು ಹಬ್ಬಿಗೆ ಹರಿದು ಗ್ರೀಸ್ ಕರಗುತ್ತದೆ, ಸೀಲಿನ ರಬ್ಬರ್ ಗಡಸಾಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿಸಿ, ಘಾಟಿ ಮುಗಿದ ಬಳಿಕ ನಿಲ್ಲಿಸಿ, ಮುಟ್ಟದೆ ಕೈಯನ್ನು ಪ್ರತಿ ಹಬ್ಬಿನ ಸಮೀಪ ಹಿಡಿದು ನೋಡುವ ಚಾಲಕ ಸಂಬಳಕ್ಕಿಂತ ಹೆಚ್ಚನ್ನು ಉಳಿಸಿಕೊಡುತ್ತಾನೆ. ಒಂದು ಹಬ್ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಆ ಬೇರಿಂಗನ್ನೋ ಬ್ರೇಕನ್ನೋ ಅಲ್ಲಿಯೇ ವಿಚಾರಿಸಬೇಕು.

ಶ್ರೀನಿವಾಸಪುರದ ತೊಂದರೆ ಬೇರೆ ಬಗೆಯದು. ಮೇ ತಿಂಗಳಿಂದ ಜುಲೈವರೆಗೆ ಬಿಡುವಿಲ್ಲದೆ ದುಡಿದು ಉಳಿದ ಕಾಲ ನಿಂತೇ ಇರುವ ಲಾರಿಯ ಆಕ್ಸೆಲಿನಲ್ಲಿ ತೇವ ಸೇರಿ ಎಣ್ಣೆ ಕೆಡುತ್ತದೆ. ಇಂತಹ ಲಾರಿಗೆ ಕಿಲೋಮೀಟರನ್ನು ನೋಡದೆ ಹಂಗಾಮಿಗೆ ಮುನ್ನವೇ ಎಣ್ಣೆ ಬದಲಿಸುವುದು ಲೇಸು. ಇಳಿಸುವಾಗ ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಪುಡಿ ಅಂಟಿದ್ದರೆ ಅದು ಸಹಜ ಸವೆತ. ಚೂರುಗಳು ಕಂಡರೆ ಆಕ್ಸೆಲ್ ಬಿಚ್ಚಬೇಕು.

ಇನ್ನು ಹಣದ ವಿಚಾರ. 2023ರ ಜುಲೈನಲ್ಲಿ ಕೋಲಾರದಲ್ಲಿ ಟೊಮೆಟೊದ 15 ಕಿಲೋ ಪೆಟ್ಟಿಗೆ 2,000 ರೂಪಾಯಿ ದಾಟಿತ್ತು. ಆ ದರದಲ್ಲಿ 10 ಟನ್ ಸರಕು ಎಂದರೆ 13 ಲಕ್ಷ ರೂಪಾಯಿಗೂ ಮೇಲು. ಪಿನಿಯನ್ ಸೀಲ್ ಒಣಗಿ ಅಂತಹ ಲಾರಿ ದಾರಿಯಲ್ಲಿ ಎರಡು ದಿನ ನಿಂತರೆ ನಷ್ಟ ಯಾರದೆಂಬ ಜಗಳವೇ ಬೇರೆ. ವಿಮೆ ನೆರವಿಗೆ ಬಾರದು. ಸಾಮಾನ್ಯ ವಾಹನ ವಿಮೆಯು ಸವೆತವನ್ನೂ, ಯಾಂತ್ರಿಕ ವೈಫಲ್ಯವನ್ನೂ, ಅತಿಭಾರದಿಂದಾದ ಹಾನಿಯನ್ನೂ ಹೊರಗಿಟ್ಟಿದೆ.

ಹತ್ತಕ್ಕೆ ಮೀರದ ಲಾರಿಗಳುಳ್ಳವರು ಆದಾಯ ತೆರಿಗೆಗೆ ಅಂದಾಜು ಆದಾಯದ ಪದ್ಧತಿಯನ್ನು ಆಯ್ದುಕೊಳ್ಳಬಹುದಾಗಿದೆ. 12 ಟನ್ ಮೀರಿದ ವಾಹನಕ್ಕೆ ಒಟ್ಟು ತೂಕದ ಟನ್ ಒಂದಕ್ಕೆ ತಿಂಗಳಿಗೆ 1,000 ರೂಪಾಯಿ ಆದಾಯವೆಂಬ ಲೆಕ್ಕ. ಹೀಗೆ 18.5 ಟನ್ ಲಾರಿಗೆ ತಿಂಗಳಿಗೆ 18,500 ರೂಪಾಯಿ, ಲಾರಿ ಓಡಲಿ, ಕ್ರೌನ್ ಮುರಿದು ಶೆಡ್ಡಿನಲ್ಲಿ ನಿಂತಿರಲಿ. ಈ ಪದ್ಧತಿಯಲ್ಲಿ ಪುಸ್ತಕ ಇಡುವ ಕಟ್ಟುಪಾಡಿಲ್ಲವಾದ್ದರಿಂದ ದುರಸ್ತಿಯ ಬಿಲ್ಲುಗಳು ಕಸಕ್ಕೆ ಹೋಗುತ್ತವೆ. ಆಕ್ಸೆಲ್ ಕಿಲೋಮೀಟರಿಗೆ ಎಷ್ಟು ಪೈಸೆ ತಿನ್ನುತ್ತಿದೆ ಎಂಬುದು ಮಾಲೀಕರಿಗೇ ತಿಳಿಯದು. ಪುಸ್ತಕ ಇಡುವವರ ಸ್ಥಿತಿಯೂ ಬಹಳ ಮೇಲಲ್ಲ. ಬಾಡಿಗೆ ಲಾರಿಗೆ ಶೇ. 30ರ ಸವಕಳಿ ಬರೆದರೆ ನಾಲ್ಕು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ಶೇ. 24. ಅದು ವರ್ಷಗಳ ಲೆಕ್ಕ. ಆಕ್ಸೆಲ್ ಸವೆಯುವುದು ಟನ್ನು ಮತ್ತು ಕಿಲೋಮೀಟರಿನ ಲೆಕ್ಕದಲ್ಲಿ.

ಸ್ವಂತ ಲಾರಿಯಿರುವ ಸಣ್ಣ ತಯಾರಕರು ಬಿಡಿಭಾಗಗಳನ್ನು ಜಿ.ಎಸ್.ಟಿ. ಬಿಲ್ಲಿನೊಡನೆಯೇ ಕೊಳ್ಳತಕ್ಕದ್ದು. 2025ರ ಸೆಪ್ಟೆಂಬರ್ 22ರಿಂದ ಇವುಗಳ ದರ ಶೇ. 18. ಸರಕು ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಜಮೆ ದೊರೆಯುತ್ತದೆ; ಜಮೆ ಬಿಟ್ಟು ಕಡಿಮೆ ದರ ಆರಿಸಿಕೊಂಡ ಇಟ್ಟಿಗೆ ತಯಾರಕರಿಗೆ ಮಾತ್ರ ಇದು ಅನ್ವಯಿಸದು.

ಪ್ರತಿ ಲಾರಿಗೂ ಒಂದು ಸಣ್ಣ ನೋಟ್‌ಬುಕ್ ಸಾಕು. ದಿನಾಂಕ, ಮೀಟರ್ ಸಂಖ್ಯೆ, ತುಂಬಿಸಿದ ಎಣ್ಣೆ ಎಷ್ಟು ಲೀಟರ್, ಬದಲಿಸಿದ ಭಾಗ ಮತ್ತು ಬಿಲ್ಲಿನ ಮೊತ್ತ. ಎಣ್ಣೆಯ ಮಟ್ಟವನ್ನು ಸಮನೆಲದಲ್ಲಿ ಲಾರಿ ನಿಲ್ಲಿಸಿ, ತುಂಬುವ ರಂಧ್ರದ ಕೆಳ ಅಂಚಿಗೆ ನೋಡಬೇಕು. ಒಂದೇ ತಿಂಗಳಲ್ಲಿ ಎರಡು ಬಾರಿ ಎಣ್ಣೆ ತುಂಬಿಸಿದ ದಾಖಲೆ ಕಂಡರೆ, ಮುಂದಿನ ಲೋಡಿಗೆ ಮುನ್ನ ಮೊದಲು ಬ್ರೀದರ್, ಬಳಿಕ ಸೀಲ್.